ಶನಿವಾರದ ಶಾಲೆಯಾ, ಸಂಘವಾ, ಮನೆಯ ಹಬ್ಬವಾ?

ಅಮೆರಿಕದ ಮಿಲ್ವಾಕಿಯಲ್ಲಿರುವ ಗೆಳತಿ ಕೇಳಿದಳು: "ನಮ್ಮ ಯಜಮಾನರ ಕಡೆಯವರು ಜರ್ಮನ್ ಮೂಲದವರು. ಮಗಳಿಗೆ ಆ ಕಡೆಯದ್ದೂ ಸ್ವಲ್ಪ ಬರಲಿ. ಶನಿವಾರದ ಜರ್ಮನ್ ಶಾಲೆಗೆ ಹಾಕಲಾ, ಜರ್ಮನ್ ಮೂಲದವರ ಸಂಘಕ್ಕೆ ಸೇರಿಸಲಾ, ಮನೆಯ ಹಬ್ಬಗಳೇ ಸಾಕಾ?"

ಖರ್ಚು ನೋಡಿದರೆ ಮನೆಯೇ ಅಗ್ಗ. ಜರ್ಮನ್ ಪದ್ಧತಿಯಂತೆ ಡಿಸೆಂಬರ್ 5ರ ರಾತ್ರಿ ಮಗು ಶೂ ಹೊರಗಿಟ್ಟು ಮಲಗುತ್ತದೆ. ಬೆಳಗ್ಗೆ ಅದರಲ್ಲಿ ಸಂತ ನಿಕೋಲಸ್ ಇಟ್ಟುಹೋದ ಕಿತ್ತಳೆ, ಚಾಕೊಲೇಟ್! ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹಚ್ಚಿದರಾಯಿತು. ಶಾಲೆಗೆ ಫೀಸು, ಓಡಾಟ, ಮೇಲೆ ಹೋಮ್‌ವರ್ಕ್.

ಬಾಳಿಕೆಯ ಮಾತು ಬೇರೆ. ಎಲ್ಲಕ್ಕಿಂತ ಬೇಗ ಜಾರುವುದು ಭಾಷೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎಷ್ಟೋ ಶಾಲೆಗಳು ಜರ್ಮನ್ ಪಾಠ ನಿಲ್ಲಿಸಿದವು. ಮನೆಗಳಲ್ಲೂ ಮಾತು ತಗ್ಗಿತು. ಟೆಕ್ಸಾಸ್‌ನ ಹಳೇ ಜರ್ಮನ್ ಈಗ ಬಹುಪಾಲು ವಯಸ್ಸಾದವರ ಬಾಯಲ್ಲಿ ಮಾತ್ರ ಇದೆ. ಆದರೆ ಅಲ್ಲಿನ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ 1961ರಲ್ಲಿ ಶುರುವಾದ ಜರ್ಮನ್ ಸಾಸೇಜ್ ಹಬ್ಬ ಇವತ್ತಿಗೂ ಜೋರು. ನಮ್ಮ ಕನ್ನಡ ಕೂಟದ ಮಕ್ಕಳೂ ಮಾತು ಮರೆತರೂ ಹೋಳಿಗೆ ಬಿಡಲ್ಲ, ಅಲ್ವಾ?

ಮಗಳು ಅಜ್ಜಿಯ ಜೊತೆ ಜರ್ಮನ್‌ನಲ್ಲೇ ಹರಟಬೇಕು ಅಂದರೆ ಶಾಲೆಗೆ ಹಾಕು. ಆದರೆ ಮನೆಯಲ್ಲಿ ಒಬ್ಬರಾದರೂ ಆ ಭಾಷೆ ಆಡದಿದ್ದರೆ ಕೊಟ್ಟ ಫೀಸು ದಂಡ. ಹತ್ತಿರದಲ್ಲಿ ನೆಂಟರಿಲ್ಲ, ಜೊತೆಗಾರರು ಬೇಕು ಅಂದರೆ ಸಂಘ ಒಳ್ಳೆಯದು. ನಿಮ್ಮೂರಿನ ಟರ್ನರ್ ಸಂಘ 1853ರಷ್ಟು ಹಳೆಯದು, ಜರ್ಮನ್ ಕಸರತ್ತಿನ ಸಂಪ್ರದಾಯದ್ದು. ಇಬ್ಬರೂ ದುಡಿದು ಶನಿವಾರ ಸುಸ್ತಾಗಿರುತ್ತೀರಾ? ಹಾಗಾದರೆ ಸುಮ್ನೆ ಶೂನಿಂದ ಶುರು ಮಾಡು.