ಹಳೇ ಕ್ವಿಲ್ಟ್ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಬರೆಯೋದಾ ಬೇಡವಾ ಅಂತ ಮೂರು ವಾರ ಒದ್ದಾಡಿದೆ. ನಾಚಿಕೆ ಆಗುತ್ತದೆ. ಆದರೆ ಅಮೆರಿಕದಲ್ಲಿ ಇಲ್ಲಿನ ಮನೆಗಳಿಗೇ ಸೊಸೆ, ಅಳಿಯ ಆಗಿ ಬಂದ ನಮ್ಮವರು ಸುಮಾರು ಜನ ಇದ್ದೀರಿ. ಇವತ್ತಲ್ಲ ನಾಳೆ ಅತ್ತೆ ಮನೆಯ ಅಟ್ಟದಿಂದ ಇಂಥದ್ದೊಂದು ಗಂಟು ನಿಮ್ಮ ಕೈಗೂ ಬರಬಹುದು. ನನ್ನ ಹಾಗೆ ಮಾಡಬೇಡಿ.

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ. ಅತ್ತೆ ಹೋದ ವರ್ಷ ದೊಡ್ಡ ಮನೆ ಮಾರಿ ಚಿಕ್ಕ ಅಪಾರ್ಟ್‌ಮೆಂಟಿಗೆ ಹೋದರು. ಹೋಗುವಾಗ ದಿಂಬಿನ ಕವರಿನಲ್ಲಿ ಸುತ್ತಿದ್ದ ಒಂದು ಕ್ರೇಜಿ ಕ್ವಿಲ್ಟ್ ನನ್ನ ಕೈಗಿಟ್ಟರು. ಅವರ ಮುತ್ತಜ್ಜಿ ಹೊಲಿದದ್ದು. ಮಗನಿಗೆ ಕೊಡಲಿಲ್ಲ, ನನಗೆ ಕೊಟ್ಟರು. ನನ್ನ ಹೊಟ್ಟೆ ಉರಿಯುತ್ತಿರುವುದೇ ಅದಕ್ಕೆ.

ನೋಡದವರಿಗೆ ಹೇಳುತ್ತೇನೆ. ನಮ್ಮ ಕೌದಿ ಗೊತ್ತಲ್ವಾ? ಹಾಗೇ ತುಂಡು ತುಂಡು, ಆದರೆ ಇದು ಹೊದೆಯುವುದಕ್ಕಲ್ಲ. ಸೋಫಾ ಮೇಲೆ ಹಾಸಿ ಬಂದವರಿಗೆ ತೋರಿಸುವುದಕ್ಕೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಜಪಾನಿನ ಸಾಮಾನು ನೋಡಿ ಜನ ಮರುಳಾದರು. ಅದರ ಪ್ರಭಾವವೂ ಸೇರಿ 1880ರ ದಶಕದಲ್ಲಿ ಇಲ್ಲಿನ ಹೆಂಗಸರಿಗೆ ಈ ಕ್ರೇಜಿ ಕ್ವಿಲ್ಟಿನ ಹುಚ್ಚು ಹಿಡಿಯಿತು. ರೇಷ್ಮೆ, ಮಖಮಲ್ಲಿನ ತುಣುಕುಗಳನ್ನು ಅಡ್ಡಾದಿಡ್ಡಿ ಕತ್ತರಿಸಿ ಕಾಟನ್ ಬಟ್ಟೆಯ ಮೇಲೆ ಜೋಡಿಸಿ, ಅಂಚಂಚಿಗೂ ಕಸೂತಿ ಹಾಕುತ್ತಿದ್ದರು. ನಮ್ಮದರಲ್ಲಿ ಒಂದು ಬೀಸಣಿಗೆ ಇತ್ತು. ಅದೃಷ್ಟಕ್ಕೆ ಅಂತ ಹಾಕುತ್ತಿದ್ದ ಜೇಡರ ಬಲೆ ಇತ್ತು. ಸಿಗಾರ್ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ಹಳದಿ ರಿಬ್ಬನ್ ಇತ್ತು. ಮೂಲೆಯಲ್ಲಿ 1886 ಅಂತ ಹೊಲಿದಿತ್ತು. ಮಧ್ಯದಲ್ಲಿ ಅಂಗೈ ಅಗಲದ ಕಂದು ರೇಷ್ಮೆ. ಅದು ಆ ಮುತ್ತಜ್ಜಿಯ ಮದುವೆ ಬಟ್ಟೆಯ ತುಂಡು.

ಇತ್ತು, ಇತ್ತು ಅಂತಲೇ ಬರೆಯುತ್ತಿದ್ದೇನೆ ನೋಡಿ.

ಆ ಕಂದು ರೇಷ್ಮೆ ಸೀಳಿತ್ತು. ಹಳೇ ರೇಷ್ಮೆ ಸೀರೆ ಮಡಿಕೆಯಲ್ಲಿ ಸೀಳುತ್ತದಲ್ಲ, ಹಾಗೆ. ಇನ್ನೂ ಹತ್ತು ತುಣುಕುಗಳದ್ದು ಅದೇ ಗತಿ. ಕಾರಣ ಆಮೇಲೆ ಓದಿ ತಿಳಿಯಿತು. ರೇಷ್ಮೆ ಎಳೆಯ ಮೇಲಿರುವ ಸಹಜ ಅಂಟು ತೆಗೆದಾಗ ಸುಮಾರು ಕಾಲು ಭಾಗ ತೂಕ ಹೋಗುತ್ತದೆ. ವ್ಯಾಪಾರ ಆಗುತ್ತಿದ್ದದ್ದು ತೂಕದ ಮೇಲೆ. ಅದಕ್ಕೆ ಆ ಕಾಲದಲ್ಲಿ ತವರ, ಕಬ್ಬಿಣದ ಲವಣದಲ್ಲಿ ಅದ್ದಿ ತೂಕ ಏರಿಸುತ್ತಿದ್ದರು. ಆ ಲೋಹವೇ ಎಳೆಯನ್ನು ಒಳಗಿಂದ ತಿನ್ನುತ್ತದೆ. ಅಂದರೆ ಆಗಲೂ ಮೋಸ, ಈಗಲೂ ಮೋಸ.

ಹತ್ತಿರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬಾಕೆ ಹಳೇ ಕ್ವಿಲ್ಟ್ ಸರಿಮಾಡಿ ಕೊಡುತ್ತಾರೆ ಅಂತ ಯಾರೋ ಹೇಳಿದರು. ಹೋದೆ. ತುಂಬಾ ನಯವಾಗಿ ಮಾತಾಡಿದರು. "ಮೊದಲು ಮೆಲ್ಲಗೆ ತೊಳೆಯುತ್ತೇನೆ, ಆಮೇಲೆ ಹರಿದ ಕಡೆ ಗಟ್ಟಿ ಮಾಡುತ್ತೇನೆ" ಅಂದರು. ತೊಳೆಯುತ್ತೇನೆ ಅಂದಾಗಲೇ ಎದ್ದು ಬರಬೇಕಿತ್ತು. ನನಗೆ ಅನುಮಾನವೇ ಬರಲಿಲ್ಲ. ಯಾಕೆ ಹೇಳಿ? ಧಾರವಾಡದ ಕಡೆಯ ಅಜ್ಜಿಯ ಮನೆಯಲ್ಲಿ ವರ್ಷಕ್ಕೊಮ್ಮೆ ಕೌದಿಗಳನ್ನು ಕಲ್ಲಿಗೆ ಬಡಿದು ಒಗೆಯುವುದನ್ನು ನೋಡಿ ಬೆಳೆದವಳು ನಾನು. ಹರಿದರೆ ಮೇಲೊಂದು ತೇಪೆ. ನನಗೆ ಇದೆಲ್ಲ ಗೊತ್ತು ಅನ್ನುವ ಜಂಬ. ಆ ಜಂಬಕ್ಕೇ ಸರಿಯಾಗಿ ಪೆಟ್ಟು ಬಿತ್ತು.

ಒಟ್ಟು 680 ಡಾಲರ್. ಅರ್ಧ ಮೊದಲೇ ಕೊಟ್ಟೆ. ಏಳು ವಾರ ಆಯಿತು.

ಡಬ್ಬ ತೆರೆದಾಗ ಮೊದಲು ಬಂದದ್ದು ಸೋಪಿನ ಪುಡಿಯ ವಾಸನೆ. ಮಖಮಲ್ಲು ಒದ್ದೆ ನಾಯಿಯ ಮೈ ಥರ ಮುದ್ದೆಯಾಗಿತ್ತು. ಕೆಂಪು ರಿಬ್ಬನ್ ಬಣ್ಣ ಬಿಟ್ಟು ಪಕ್ಕದ ಬಿಳಿ ರೇಷ್ಮೆಯೆಲ್ಲ ಗುಲಾಬಿ. ಮಧ್ಯದಲ್ಲಿ ಕಾಫಿ ಬಣ್ಣದ ಏನೋ ಒಂದು ಮಿರಿಮಿರಿ ಮಿಂಚುತ್ತಿತ್ತು. ಮದುವೆ ಬಟ್ಟೆ ಇಲ್ಲ. ಅದರ ಮೇಲೆ ತೇಪೆ ಹಾಕಿದ್ದಲ್ಲ ರೀ, ಅದನ್ನೇ ಕತ್ತರಿಸಿ ತೆಗೆದಿದ್ದರು! ಸೀಳಿದ್ದ ಹನ್ನೊಂದು ತುಣುಕೂ ಹೋಗಿದ್ದವು. ಸುತ್ತಲಿನ ಕೈಕಸೂತಿ ಬಿಚ್ಚಿ ಅದರ ಜಾಗದಲ್ಲಿ ಮೆಷಿನ್ನಿನ ಜಿಗ್‌ಜಾಗ್.

ಬಿಲ್ಲಿನಲ್ಲಿ "ಸಿಲ್ಕ್ ಸಾಟಿನ್" ಅಂತ ಬರೆದಿತ್ತು. ಸೀರೆ ಅಂಗಡಿಯಲ್ಲಿ ಎಳೆ ಸುಟ್ಟು ತೋರಿಸುತ್ತಾರಲ್ಲ, ಅದು ನೆನಪಾಯಿತು. ಹಿಂದಿನ ಅಂಚಿನಿಂದ ಒಂದು ಎಳೆ ಎಳೆದು ಅಡುಗೆಮನೆಯ ಸಿಂಕಿನ ಮೇಲೆ ಕಡ್ಡಿ ಗೀರಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಮುದುಡಿ ಸಾಸಿವೆ ಕಾಳಿನಷ್ಟು ಕರೀ ಗುಂಡು ಆಯಿತು. ಉಗುರಿನಲ್ಲಿ ಒತ್ತಿದರೂ ಒಡೆಯಲಿಲ್ಲ. ಪಾಲಿಯೆಸ್ಟರ್. ಆ ಕರೀ ಗುಂಡು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಫೋನ್ ಮಾಡಿದೆ. "ನೀವೇ ತಾನೆ ಚೆನ್ನಾಗಿ ಕಾಣೋ ಹಾಗೆ ಮಾಡಿ ಅಂದಿದ್ದು? ಚೆನ್ನಾಗಿ ಕಾಣುತ್ತಿದೆಯಲ್ಲ" ಅಂದರು. ಹೌದು, ಇಮೇಲಿನಲ್ಲಿ ಹಾಗೇ ಬರೆದಿದ್ದೆ, ಅದೊಂದು ಸಾಲೇ ಅವರ ಕೈಗೆ ಸಿಕ್ಕ ಕೋಲು. ಪಾಲಿಯೆಸ್ಟರ್ ಬಗ್ಗೆ ಕೇಳಿದರೆ, "ಸಾಟಿನ್ ಅಂದರೆ ಸಾಟಿನ್. ಬಾಳಿಕೆ ಜಾಸ್ತಿ ಬರುತ್ತದೆ, ನೀವು ಥ್ಯಾಂಕ್ಸ್ ಹೇಳಬೇಕು."

ತೆಗೆದ ತುಣುಕುಗಳನ್ನಾದರೂ ಕೊಡಿ ಅಂದೆ. ಅಳು ಬರುತ್ತಿತ್ತು, ತಡೆದುಕೊಂಡೆ. "ಯಾವುದು, ಆ ಚಿಂದಿಗಳಾ? ಕಸಕ್ಕೆ ಹಾಕಿ ಎಷ್ಟೋ ದಿನ ಆಯಿತು."

ಆಮೇಲೆ ಇನ್ನೊಂದು ಮಾತು ಹೇಳಿದರು. "ಅದೇನು ನಿಮ್ಮ ವಂಶದ್ದಲ್ಲವಲ್ಲ, ನಿಮ್ಮ ಗಂಡನ ಮನೆಯದು. ನೀವು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?" ನನಗೆ ಮಾತೇ ಹೊರಡಲಿಲ್ಲ. ಫೋನಿಟ್ಟ ಮೇಲೆ ಹತ್ತು ಉತ್ತರ ಹೊಳೆದವು, ಏನು ಪ್ರಯೋಜನ. ದುಡ್ಡು ವಾಪಸ್ ಇಲ್ಲ. ಈಗ ಇಮೇಲಿಗೂ ಉತ್ತರ ಇಲ್ಲ.

ಗೊತ್ತಿರುವವರನ್ನು ಆಮೇಲೆ ಹುಡುಕಿ ಮಾತಾಡಿದೆ. ಇಂಥ ರೇಷ್ಮೆಗೆ ನೀರು ಮುಟ್ಟಿಸಲೇಬಾರದಂತೆ. ಸೀಳಿದ ತುಣುಕನ್ನು ಇದ್ದಲ್ಲೇ ಬಿಟ್ಟು, ಮೇಲೆ ಕ್ರೆಪಲೀನ್ ಅನ್ನುವ, ಒಳಗಿನದು ಕಾಣುವಷ್ಟು ತೆಳ್ಳಗಿನ ರೇಷ್ಮೆಯನ್ನೋ ನೆಟ್ಟನ್ನೋ ಹೊದಿಸಿ ಸುತ್ತ ಹೊಲಿಯುತ್ತಾರೆ. ಹಳೆಯದು ಒಳಗೇ ಉಳಿಯುತ್ತದೆ. ನಮ್ಮ ಅಜ್ಜಿಯ ಕೌದಿಯಲ್ಲೂ ಅಷ್ಟೇ ಅಲ್ವಾ? ಇಳಕಲ್ ಸೀರೆಯ ತೇಪೆ ಎತ್ತಿ ನೋಡಿದರೆ ಕೆಳಗೆ ಹಳೇ ಸೀರೆ ಇರುತ್ತಿತ್ತು. ಯಾರೂ ಕಿತ್ತು ಬಿಸಾಡುತ್ತಿರಲಿಲ್ಲ.

ಹಾಗಾಗಿ, ಕ್ವಿಲ್ಟ್ ಹೊಲಿಯುವವರೇ ಬೇರೆ, ಟೆಕ್ಸ್‌ಟೈಲ್ ಕನ್ಸರ್ವೇಟರ್, ಅಂದರೆ ಹಳೇ ಬಟ್ಟೆಯನ್ನು ಇದ್ದ ಹಾಗೇ ಉಳಿಸಿಕೊಡುವವರೇ ಬೇರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್‌ನವರ ಪಟ್ಟಿಯಲ್ಲಿ ನಿಮ್ಮ ಹತ್ತಿರದವರನ್ನು ಹುಡುಕಿ. ಕೊಡುವ ಮುಂಚೆ ಒಂದೊಂದು ತುಣುಕಿನ ಫೋಟೋ ತೆಗೆದಿಡಿ. ನನ್ನ ಹತ್ತಿರ ಇರುವುದು ಒಂದೇ ಫೋಟೋ, ಅದರಲ್ಲೂ ಅರ್ಧಕ್ಕೆ ನಮ್ಮ ಬೆಕ್ಕು ಕೂತಿದೆ. "ಏನನ್ನೂ ಕತ್ತರಿಸಬಾರದು, ತೊಳೆಯಬಾರದು" ಅಂತ ಬರೆಸಿ ಸಹಿ ಹಾಕಿಸಿ. ನಯವಾಗಿ ಮಾತಾಡಿದರು ಅಂತ ಕರಗಬೇಡಿ, ಸುಮ್ನೆ ಮನೆಗೆ ತಂದು ಕತ್ತಲಲ್ಲಿ ಇಡಿ. ಸೀಳಿದ್ದರೆ ಸೀಳಿರಲಿ.

ಅತ್ತೆ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಕ್ವಿಲ್ಟ್ ಬಂತಾ ಅಂತ ಎರಡು ಸಲ ಕೇಳಿದರು. ಎರಡು ಸಲವೂ ಇನ್ನೂ ಆಗಿಲ್ಲವಂತೆ ಅಂದೆ. ಅದು ಮೇಲಿನ ಕೋಣೆಯ ಬೀರುವಿನಲ್ಲಿದೆ, ಅದೇ ದಿಂಬಿನ ಕವರಿನಲ್ಲಿ.