ಕ್ಲೀನಿಂಗ್ ಕೆಲಸಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ: ಎರಡು ಕ್ಲೇಮ್ ನೋಡಿದ ಮೇಲೆ

ರೇಟಿಂಗ್: 5ಕ್ಕೆ 3.5

ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಡೀಪ್ ಕ್ಲೀನಿಂಗ್ ಟೀಮ್ ಇದೆ. ದೊಡ್ಡ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಪಾಲಿಸಿ ಕಾಪಿ ಕೇಳತೊಡಗಿದಾಗ ಈ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ, ತಗೊಂಡಿದ್ದು. ಆಮೇಲೆ ಪ್ರತಿ ವರ್ಷ ರಿನ್ಯೂ ಮಾಡಿಸುತ್ತಿದ್ದೇವೆ.

ಮೊದಲ ಕ್ಲೇಮ್ ಚೆನ್ನಾಗೇ ಆಯಿತು. ಒಂದು ಮನೆಯ ಬಾಲ್ಕನಿ ತೊಳೆಯುವಾಗ ಡ್ರೈನ್ ಕಟ್ಟಿಕೊಂಡು, ನೀರು ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್‌ಗೆ ಇಳಿಯಿತು. ಜಿಪ್ಸಮ್ ಬೋರ್ಡ್ ಉಬ್ಬಿ ಜೋತು ಬಿದ್ದಿತ್ತು. ಅದೇ ದಿನ ಫೋಟೋ ತೆಗೆದು ವಿಮಾ ಕಂಪನಿಗೆ ಮೇಲ್ ಹಾಕಿದೆವು. ಸರ್ವೇಯರ್ ಬಂದು ನೋಡಿ ಹೋದರು. ನಮ್ಮ ಪಾಲಿನ ಎಕ್ಸೆಸ್ (ಪ್ರತಿ ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಮೊತ್ತ) ಕಳೆದು ಉಳಿದದ್ದು ಬಂತು. ಇಲ್ಲೊಂದು ಮಾತು: ಅಂಥ ಹೊತ್ತಲ್ಲಿ ಮನೆಯವರಿಗೆ 'ತಪ್ಪು ನಮ್ಮದೇ, ಎಲ್ಲಾ ಕೊಡ್ತೀವಿ' ಅಂತ ಬರೆದುಕೊಡಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಅಂತ ಪಾಲಿಸಿಯಲ್ಲೇ ಇರುತ್ತದೆ.

ಎರಡನೆಯದೇ ಕಹಿ. ಇಟಾಲಿಯನ್ ಮಾರ್ಬಲ್ ನೆಲ. ಹುಡುಗ ಹಳದಿ ಕಲೆ ತೆಗೆಯೋಕೆ ಟಾಯ್ಲೆಟ್ ಕ್ಲೀನರ್ ಹಾಕಿಬಿಟ್ಟ. ಅದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಬುಸ್ ಅಂತ ನೊರೆ ಬಂತು. ಒರೆಸಿ ನೋಡಿದರೆ ತಟ್ಟೆಯಗಲ ಹೊಳಪು ಹೋಗಿ, ಕೈಯಾಡಿಸಿದರೆ ತರಿತರಿ. ಪಾಲಿಶ್‌ನವರನ್ನು ಕರೆಸಿ ಇಡೀ ಹಾಲ್ ಮತ್ತೆ ಉಜ್ಜಿಸಬೇಕಾಯಿತು. ಕ್ಲೇಮ್ ರಿಜೆಕ್ಟ್! ಕಾರಣ, ನೀವು ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದೀರೋ, ಯಾವುದು ನಿಮ್ಮ ಕೈಯಲ್ಲಿ, ನಿಮ್ಮ ಸುಪರ್ದಿಯಲ್ಲಿ ಇದೆಯೋ ಅದಕ್ಕಾದ ಹಾನಿ ಕವರ್ ಆಗಲ್ಲ. 'ಕೇರ್, ಕಸ್ಟಡಿ, ಕಂಟ್ರೋಲ್' ಅಂತ ಎಕ್ಸ್‌ಕ್ಲೂಷನ್ (ಏನೇನು ಕವರ್ ಆಗಲ್ಲ ಅನ್ನುವ) ಪುಟದಲ್ಲಿ ಸಣ್ಣಕ್ಷರದಲ್ಲಿ ಇತ್ತು. ನಮ್ಮ ಕೆಲಸದಲ್ಲಿ ಹಾಳಾಗುವುದೇ ನಾವು ಉಜ್ಜುವ ನೆಲ, ಸೋಫಾ, ಗಾಜು. ಅದನ್ನೇ ಬಿಟ್ಟರೆ ಇನ್ನೇನು ಉಳಿಯಿತು, ಅಲ್ವಾ? ಏಜೆಂಟ್ ಮಾತ್ರ 'ಸಾರ್, ಎಲ್ಲಾ ಕವರ್ ಆಗುತ್ತೆ' ಅಂದಿದ್ದರು.

ಈಗ ಕೋಟೇಷನ್ ಕೇಳುವಾಗಲೇ ಈ ಷರತ್ತು ಸಡಿಲಿಸುವ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ) ಕೊಡುತ್ತೀರಾ ಅಂತ ಬರಹದಲ್ಲಿ ಕೇಳುತ್ತೇವೆ. ಕೊಡುವವರೂ ಇದ್ದಾರೆ, ಪ್ರೀಮಿಯಂ ಜಾಸ್ತಿ. ಅದರ ಮೇಲೆ 18% ಜಿಎಸ್‌ಟಿ ಬೇರೆ.

ನಮ್ಮ ಹುಡುಗರೇ ಏಣಿಯಿಂದ ಬಿದ್ದರೆ ಈ ಪಾಲಿಸಿಯಿಂದ ಒಂದು ರೂಪಾಯಿ ಸಿಗಲ್ಲ. ಅದಕ್ಕೆ ನೌಕರರ ಪರಿಹಾರ ಕಾನೂನಿನ ಲೆಕ್ಕದಲ್ಲಿ ಬೇರೆ ಪಾಲಿಸಿ, ಇಲ್ಲವೇ ಇಎಸ್‌ಐ (ನೌಕರರ ರಾಜ್ಯ ವಿಮೆ). ಮನೆಯಲ್ಲಿ ಒಡವೆ ಕಳುವಾಗಿ ನಮ್ಮ ಕೆಲಸದವರ ಮೇಲೆ ಬಂದರೂ ಅಷ್ಟೇ, ಅದು ಫಿಡೆಲಿಟಿ ಗ್ಯಾರಂಟಿಯ (ಕೆಲಸದವರ ಮೋಸ, ಕಳ್ಳತನಕ್ಕೆ ಇರುವ ಬೇರೆ ಪಾಲಿಸಿ) ಬಾಬತ್ತು. ಮತ್ತೆ 1991ರ ಪಬ್ಲಿಕ್ ಲಯಬಿಲಿಟಿ ಕಾಯ್ದೆಯ ಪಾಲಿಸಿ ಅಪಾಯಕಾರಿ ರಾಸಾಯನಿಕ ದಾಸ್ತಾನು ಮಾಡುವ ಫ್ಯಾಕ್ಟರಿಗಳಿಗೆ. ಹೆಸರು ಒಂದೇ ಅಂತ ಸುಮ್ನೆ ಅದನ್ನು ತಗೋಬೇಡಿ.

ಕ್ಲೇಮ್ ಬಗ್ಗೆ ತಕರಾರಿದ್ದರೆ ಮೊದಲು ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ, ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ (ವಿಮೆ ದೂರುಗಳನ್ನು ಬಗೆಹರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಸಣ್ಣ ಬಿಸಿನೆಸ್‌ಗಳೂ ಅಲ್ಲಿ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ.