ಅಂಗಳದ ಅಡಿಕೆಗೂ ಹವಾಮಾನ ಆಪ್‌ಗೂ ನಾಲ್ಕು ವರ್ಷದ ಜಗಳ

ಈ ಆಪ್ ಹಾಕಿಕೊಂಡು ನಾಲ್ಕು ವರ್ಷ ದಾಟಿತು. ಹೆಸರು ಬೇಡ ಬಿಡಿ, ಹೆಚ್ಚಿನ ಆಪ್‌ಗಳು ಮಳೆ-ಗಾಳಿ ಲೆಕ್ಕ ಹಾಕುವ ಅದೇ ನಾಲ್ಕೈದು ಕಂಪ್ಯೂಟರ್ ಮಾಡೆಲ್‌ಗಳ ಅಂಕಿ ತೆಗೆದು ಬಣ್ಣ ಬಳಿದು ಕೊಡುವಂಥವು. ಉಡುಪಿ ಹತ್ತಿರ ನಮ್ಮ ಮನೆ. ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತಿರುತ್ತದೆ, ಭಾವ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಹಾಗಾಗಿ ನಮಗೆ ಮಳೆಯ ಸುದ್ದಿಯೂ ಬೇಕು, ಗಾಳಿಯ ಸುದ್ದಿಯೂ ಬೇಕು.

ಗಾಳಿಗೆ ಪೂರ್ತಿ ಮಾರ್ಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತಲ್ಲ, ಆಗ ಆಪ್ ದಿನಗಳ ಮೊದಲೇ ಅದರ ದಾರಿ ತೋರಿಸಿತ್ತು.

ಮಳೆ ಕತೆ ಬೇರೆ. ಕಳೆದ ನವೆಂಬರಿನಲ್ಲಿ ಒಂದು ದಿನ ಬೆಳಗಿನಿಂದ ಸಂಜೆವರೆಗೂ ಸೂರ್ಯನ ಚಿತ್ರ. ಮೂರು ಗಂಟೆಗೆ ಘಟ್ಟದ ಕಡೆ ಕಪ್ಪಾಯಿತು. ಅತ್ತೆ ಟಾರ್ಪಾಲ್ ತನ್ನಿ ಅಂತ ಕೂಗುತ್ತಿದ್ದರೆ ನಾನು ಸುಮ್ನೆ ಫೋನ್ ಹಿಡಿದು ವಾದ ಮಾಡುತ್ತಾ ನಿಂತಿದ್ದೆ. ಅರ್ಧ ಅಂಗಳ ಒದ್ದೆ. ವಾರದಲ್ಲಿ ಅಡಿಕೆಗೆ ಬೂಷ್ಟು ಹಿಡಿಯಿತು, ರೇಟೂ ಬಿತ್ತು.

ಆಮೇಲೆ ಯಾಕೆ ಹೀಗೆ ಅಂತ ಓದಿ ನೋಡಿದೆ. ಮಾಡೆಲ್ ಅಂದರೆ ಭೂಮಿಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುವುದು. ಅಮೆರಿಕದ ಮಾಡೆಲ್ ಜಿಎಫ್‌ಎಸ್‌ನ ಚೌಕ ಸುಮಾರು 13 ಕಿ.ಮೀ., ಯುರೋಪಿನ ಮಾಡೆಲ್ ಇಸಿಎಂಡಬ್ಲ್ಯುಎಫ್‌ನದು ಸುಮಾರು 9. ಮಲ್ಪೆಯ ಕಡಲೂ ಮಣಿಪಾಲದ ಗುಡ್ಡವೂ ಒಂದೇ ಚೌಕಕ್ಕೆ ಬಿದ್ದರೆ ಎರಡಕ್ಕೂ ಒಂದೇ ಮಳೆ! ಗೋಡೆ ಹಾಗೆ ಎದ್ದು ನಿಂತ ಆಗುಂಬೆ ಘಾಟಿ ಅದರ ಕಣ್ಣಿಗೆ ಬರೀ ಇಳಿಜಾರು. ಮಧ್ಯಾಹ್ನ ಕಡಲ ಗಾಳಿ ಒಳಗೆ ಬಂದು, ಘಟ್ಟಕ್ಕೆ ಹೊಡೆದು ಮೇಲೆದ್ದು, ಅಲ್ಲಿ ಕಟ್ಟುವ ನಾಲ್ಕೈದು ಕಿಲೋಮೀಟರ್ ಅಗಲದ ಗುಡುಗು ಮೋಡ ಈ ಚೌಕಗಳ ಬಲೆಯ ಕಣ್ಣಿನಲ್ಲಿ ಮತ್ತಿ ಮೀನಿನ ಹಾಗೆ ನುಸುಳಿ ಹೋಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ಬೆಳಿಗ್ಗೆ ಆರಕ್ಕೆ ನೀವು ನೋಡುವುದು ಹಿಂದಿನ ರಾತ್ರಿ 11.30ರ ಅಳತೆಯಿಂದ ಹೊರಟ ಲೆಕ್ಕ, ಕೆಲವೊಮ್ಮೆ ಅದಕ್ಕಿಂತ ಹಳತು. ಬೆಳಗಿನ 5.30ರದ್ದು ಕೈಗೆ ಸಿಗುವಾಗ ಹತ್ತು ಗಂಟೆ. ಹಾಗಾಗಿ ಈಗ ಹತ್ತಕ್ಕೆ ಇನ್ನೊಮ್ಮೆ ನೋಡುತ್ತೇನೆ. ಎರಡು ಮಾಡೆಲ್ ಬೇರೆ ಬೇರೆ ಮಾತಾಡಿದರೆ ಟಾರ್ಪಾಲ್ ಅಂಗಳದ ಬದಿಗೇ ಇರುತ್ತದೆ. ಪ್ರೀಮಿಯಂ ದುಡ್ಡು ಮಾತ್ರ ಕಟ್ಟಬೇಡಿ. ಚಿತ್ರ ಜಾಸ್ತಿ ಬರುತ್ತದೆ, ಚೌಕ ಸಣ್ಣದಾಗುವುದಿಲ್ಲ.

2025ರ ಮೇ ತಿಂಗಳಲ್ಲಿ ನಮ್ಮ ಹವಾಮಾನ ಇಲಾಖೆ 6 ಕಿ.ಮೀ. ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಶುರು ಮಾಡಿದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಕಟ್ಟಿದ್ದು. ನನ್ನ ಆಪ್‌ನಲ್ಲಿ ಅದಿಲ್ಲ. ಅದು ಬರುವ ತನಕ ಗಾಳಿಗೆ ಐದು ಸ್ಟಾರ್, ಮಳೆಗೆ ಎರಡು.